ದಿಲ್ಲಿಯ ಷರತ್ತು, ನಮ್ಮ ಬೀದಿ



ಒಂದು ತಪ್ಪೊಪ್ಪಿಗೆಯಿಂದಲೇ ಮಾತು ಆರಂಭಿಸುತ್ತೇವೆ. ಹಳೆಯ ಪೇಟೆಯೊಂದನ್ನು ತೆರವುಗೊಳಿಸುತ್ತಿದ್ದಾರೆಂಬ ಸುದ್ದಿ ಕೇಳಿ ಪತ್ರಕರ್ತರಾದ ನಾವು ಅಲ್ಲಿಗೆ ತಲಪುವಾಗ ಜೆಸಿಬಿ ತನ್ನ ಕೆಲಸ ಮುಗಿಸಿರುತ್ತದೆ. ಮುರಿದ ಗೂಡಂಗಡಿಯ ಚಿತ್ರ ತೆಗೆಯುತ್ತೇವೆ, ವ್ಯಾಪಾರಿಯ ಕಣ್ಣೀರನ್ನು ವರದಿ ಮಾಡುತ್ತೇವೆ. ಮರುದಿನ ನಾಯಕರು ಖಂಡನಾ ಹೇಳಿಕೆ ಕೊಡುತ್ತಾರೆ. ಆದರೆ ಆ ಗೂಡಂಗಡಿಯ ಹಣೆಬರಹ ಅಂದು ಬರೆದದ್ದಲ್ಲ. ವರ್ಷಗಳ ಹಿಂದೆಯೇ ದಿಲ್ಲಿಯ ಮಾರ್ಗಸೂಚಿಯಲ್ಲಿ, ಅನಂತರ ನಮ್ಮದೇ ಊರಿನ ನಕ್ಷೆಯಲ್ಲಿ ಅದು ಬರೆಯಲ್ಪಟ್ಟಿತ್ತು. ಆಗ ಅಲ್ಲಿ ನಾವೂ ಇರಲಿಲ್ಲ, ನಾಯಕರೂ ಇರಲಿಲ್ಲ.

ಸಂವಿಧಾನದ ಪ್ರಕಾರ ನಗರ ಯೋಜನೆ ಸ್ಥಳೀಯ ವಿಷಯ. 1992ರ 74ನೇ ತಿದ್ದುಪಡಿಯು 12ನೇ ಪರಿಚ್ಛೇದದಲ್ಲಿ 18 ವಿಷಯಗಳನ್ನು ಪಟ್ಟಿ ಮಾಡಿದೆ. ಅವುಗಳಲ್ಲಿ ಮೊದಲನೆಯದೇ ನಗರ ಯೋಜನೆ. ಕೊಳೆಗೇರಿಗಳ ಸುಧಾರಣೆಯೂ ಅದರಲ್ಲಿದೆ. ಹೀಗಿದ್ದೂ ನಮ್ಮ ನಗರಗಳ ರೂಪವನ್ನು ದಿಲ್ಲಿ ನಿರ್ಧರಿಸುವುದು ಹೇಗೆ? ಆದೇಶದಿಂದಲ್ಲ, ಅನುದಾನದಿಂದ. ಹಣದ ಜೊತೆಗೆ ಷರತ್ತು ಬರುತ್ತದೆ.

2005ರ ಡಿಸೆಂಬರ್‌ನಲ್ಲಿ ಆರಂಭವಾದ ಜವಾಹರಲಾಲ್ ನೆಹರೂ ರಾಷ್ಟ್ರೀಯ ನಗರ ನವೀಕರಣ ಅಭಿಯಾನವನ್ನೇ ನೋಡಿ. ಆರಂಭದಲ್ಲಿ 63 ನಗರಗಳನ್ನು ಅದಕ್ಕೆ ಗುರುತಿಸಲಾಗಿತ್ತು. ನಮ್ಮ ಬೆಂಗಳೂರು, ಮೈಸೂರುಗಳೂ ಅವುಗಳಲ್ಲಿದ್ದವು. ಹಣ ಬೇಕಾದರೆ ರಾಜ್ಯಗಳು ಸುಧಾರಣೆಗಳಿಗೆ ಒಪ್ಪಬೇಕಿತ್ತು. 1976ರ ನಗರ ಭೂಮಿತಿ ಕಾಯ್ದೆಯ ರದ್ದತಿ ಕಡ್ಡಾಯ ಸುಧಾರಣೆಗಳ ಪಟ್ಟಿಯಲ್ಲಿತ್ತು. ವಸತಿ ಯೋಜನೆಗಳಲ್ಲಿ ಅಭಿವೃದ್ಧಿಪಡಿಸಿದ ಭೂಮಿಯ 20ರಿಂದ 25 ಶೇಕಡಾವನ್ನು ಬಡವರಿಗೆ ಮೀಸಲಿಡುವ ವಿಷಯವಾದರೋ ಐಚ್ಛಿಕ ಪಟ್ಟಿಯಲ್ಲಿತ್ತು. ಮಹಾರಾಷ್ಟ್ರವು 2007ರಲ್ಲಿ ಭೂಮಿತಿ ಕಾಯ್ದೆಯನ್ನು ಕೈಬಿಟ್ಟಿತು. ಭೂಮಾಲಕನಿಗೆ ಬೇಕಾದದ್ದು ಕಡ್ಡಾಯ, ಬಡವನಿಗೆ ಬೇಕಾದದ್ದು ಐಚ್ಛಿಕ! ಒಂದು ಸರಕಾರದ ನೀತಿಯನ್ನು ಅರಿಯಲು ಅದರ ಭಾಷಣ ಕೇಳಬೇಕಿಲ್ಲ, ಇಂತಹ ಎರಡು ಪಟ್ಟಿಗಳನ್ನು ಓದಿದರೆ ಸಾಕು.

2014ರಲ್ಲಿ ಸರಕಾರ ಬದಲಾಯಿತು. 2015ರ ಜೂನ್‌ನಲ್ಲಿ ಸ್ಮಾರ್ಟ್ ಸಿಟಿ ಯೋಜನೆ ಬಂತು. ಅದರ ನೂರು ನಗರಗಳಲ್ಲಿ ಮಂಗಳೂರು, ಬೆಳಗಾವಿ, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಶಿವಮೊಗ್ಗ, ತುಮಕೂರು, ಬೆಂಗಳೂರು ಸೇರಿದವು. ಇಲ್ಲಿನ ಷರತ್ತೇನು? ಕಾಮಗಾರಿ ನಡೆಸಲು ಪ್ರತ್ಯೇಕ ಕಂಪೆನಿ ಸ್ಥಾಪಿಸಬೇಕು, ಅದರಲ್ಲಿ ರಾಜ್ಯಕ್ಕೂ ಪಾಲಿಕೆಗೂ ಅರ್ಧರ್ಧ ಪಾಲು. ಹಣದ ಹೆಚ್ಚಿನ ಭಾಗ ಇಡೀ ನಗರಕ್ಕಲ್ಲ, ಆಯ್ದ ಒಂದು ಪ್ರದೇಶಕ್ಕೆ. ನೀವು ಮತ ಹಾಕಿ ಆರಿಸಿದ ಕಾರ್ಪೊರೇಟರ್‌ನನ್ನು ಬೀದಿಯಲ್ಲಿ ನಿಲ್ಲಿಸಿ ಕೇಳಬಹುದು. ಕಂಪೆನಿಯ ಆಡಳಿತ ಮಂಡಳಿಯನ್ನು ಎಲ್ಲಿ ನಿಲ್ಲಿಸಿ ಕೇಳುವುದು? 2025ರ ಮಾರ್ಚ್ 31ಕ್ಕೆ ಆ ಯೋಜನೆ ಮುಗಿಯಿತು. ಪಾಲಿಕೆಯನ್ನು ಬದಿಗೆ ಸರಿಸುವ ರೂಢಿಯೂ ಅದರೊಂದಿಗೆ ಮುಗಿಯಿತೇ ಎಂಬುದು ನಮ್ಮ ಪ್ರಶ್ನೆ.

ಹಾಗಾದರೆ ನವೀಕರಣವೇ ಬೇಡವೇ? ಹಾಗೆನ್ನುವವರು ಭೇಂಡಿ ಬಜಾರನ್ನು ನೋಡಬೇಕು. ಸ್ಮಾರ್ಟ್ ಸಿಟಿ ಮಾರ್ಗಸೂಚಿಯೇ ಪುನರಭಿವೃದ್ಧಿಯ ಮಾದರಿಯೆಂದು ಹೆಸರಿಸಿದ ಮುಂಬೈಯ ಪೇಟೆ ಅದು. ಸುಮಾರು 16.5 ಎಕರೆ, 250ರಷ್ಟು ಹಳೆಯ ಕಟ್ಟಡಗಳು, 3,200ರಷ್ಟು ಕುಟುಂಬಗಳು. ದಶಕಗಳ ಹಿಂದೆ ನಿಗದಿಯಾದ ಬಾಡಿಗೆ ಏರಲಿಲ್ಲ. ಮಾಲಕರು ದುರಸ್ತಿ ಮಾಡಲಿಲ್ಲ. ಬಡವನ ರಕ್ಷಣೆಗೆ ಬಂದ ಕಾನೂನಿನ ಕೆಳಗೇ ಅವನ ಛಾವಣಿ ಶಿಥಿಲವಾಯಿತು. ದಾವೂದಿ ಬೊಹ್ರಾ ಸಮುದಾಯ 2009ರಲ್ಲಿ ಟ್ರಸ್ಟ್ ರಚಿಸಿ, ಬಾಡಿಗೆದಾರರಿಗೆ ಅದೇ ಪ್ರದೇಶದಲ್ಲಿ ಸ್ವಂತ ಮನೆ ಕೊಡುವ ಯೋಜನೆ ಕೈಗೆತ್ತಿಕೊಂಡಿತು. ಆದರೆ ಯೋಜನೆಯಲ್ಲಿ ಸೇರಿದ್ದ ಹುಸೈನಿ ಕಟ್ಟಡ ತೆರವಾಗುವ ಮುನ್ನವೇ, 2017ರ ಆಗಸ್ಟ್ 31ರಂದು ಕುಸಿದು ಮೂವತ್ತಕ್ಕೂ ಹೆಚ್ಚು ಮಂದಿ ಅಸುನೀಗಿದರು. ನವೀಕರಣದ ಅವಸರ ಬದುಕನ್ನು ಕೆಡಹುತ್ತದೆ ನಿಜ, ಅದರ ವಿಳಂಬ ಜೀವವನ್ನೇ ಕಸಿಯುತ್ತದೆ. ಆದ್ದರಿಂದ ಕೆಡಹಬೇಕೇ ಬೇಡವೇ ಎಂಬುದಷ್ಟೇ ಪ್ರಶ್ನೆಯಲ್ಲ. ಕೆಡಹಿ ಕಟ್ಟಿದ ಮೇಲೆ ಅಲ್ಲಿದ್ದವನು ಅಲ್ಲಿಗೇ ಮರಳುತ್ತಾನೆಯೇ? ಅದೇ ನಿಜವಾದ ಪ್ರಶ್ನೆ.

ಆ ಪ್ರಶ್ನೆ ಕೇಳಲು ಅದೇ ದಿಲ್ಲಿ ನಮಗೆ ಕೆಲವು ಆಯುಧಗಳನ್ನೂ ಕೊಟ್ಟಿದೆ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಸಮೀಕ್ಷೆ ಮುಗಿದು ಪ್ರಮಾಣಪತ್ರ ವಿತರಣೆಯಾಗುವ ತನಕ ಯಾವ ವ್ಯಾಪಾರಿಯನ್ನೂ ಎಬ್ಬಿಸುವಂತಿಲ್ಲ. ಆಮೇಲೂ ಸ್ಥಳಾಂತರಕ್ಕೆ 30 ದಿನಗಳ ನೋಟೀಸು ಬೇಕು. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ 40 ಶೇಕಡಾ ಸದಸ್ಯರು ವ್ಯಾಪಾರಿಗಳೇ ಆಗಿರಬೇಕು, ಅವರಲ್ಲಿ ಮೂರರಲ್ಲೊಂದು ಪಾಲು ಮಹಿಳೆಯರು. ದಲಿತರಿಗೆ, ಹಿಂದುಳಿದವರಿಗೆ, ಅಲ್ಪಸಂಖ್ಯಾತರಿಗೆ, ಅಂಗವಿಕಲರಿಗೆ ಸೂಕ್ತ ಪ್ರಾತಿನಿಧ್ಯವಿರಬೇಕು. ಮೂರು ಲಕ್ಷ ಜನಸಂಖ್ಯೆಯ ನಗರದಲ್ಲಿ ವಾರ್ಡ್ ಸಮಿತಿ ಇರಬೇಕೆಂದು ಸಂವಿಧಾನವೇ ಹೇಳುತ್ತದೆ. ನಗರದ ಮಹಾಯೋಜನೆಯ ಕರಡು ಪ್ರಕಟವಾದಾಗ ಆಕ್ಷೇಪಣೆ ಬರೆದುಕೊಡಲು ಕಾನೂನು ಅವಕಾಶ ಕೊಟ್ಟಿದೆ.

ನಮ್ಮಲ್ಲಿ ಎಷ್ಟು ಮಂದಿ ಆ ಕರಡನ್ನು ಬಿಡಿಸಿ ನೋಡಿದ್ದೇವೆ? ನಮ್ಮ ಬೀದಿಗೆ ಅದರಲ್ಲಿ ಯಾವ ಬಣ್ಣ ಬಳಿಯಲಾಗಿದೆ, ರಸ್ತೆಯ ಅಗಲ ಎಷ್ಟೆಂದು ಬರೆಯಲಾಗಿದೆ ಎಂದು ಎಷ್ಟು ಮಂದಿಗೆ ಗೊತ್ತು? ಪದವೀಧರ ಯುವಕ ಯುವತಿಯರು ಪ್ರತಿ ಬಡಾವಣೆಯಲ್ಲೂ ಇದ್ದಾರೆ. ಅವರಲ್ಲಿ ಇಬ್ಬರು ಕುಳಿತು ಅದನ್ನು ಓದಿ, ಅಕ್ಷರ ಬಾರದ ವ್ಯಾಪಾರಿಗೆ ತಿಳಿಸಿ ಹೇಳಿದರೆ, ಗಡುವಿನೊಳಗೆ ಒಂದು ಅರ್ಜಿ ಬರೆದುಕೊಟ್ಟರೆ, ಅದು ಅನಂತರದ ಹತ್ತು ಪ್ರತಿಭಟನೆಗಳಿಗಿಂತ ಹೆಚ್ಚು ಫಲ ಕೊಟ್ಟೀತು.

ಪತ್ರಕರ್ತರಾದ ನಾವೂ ಇಂದು ಒಂದು ಮಾತು ಕೊಡುತ್ತೇವೆ. ಇನ್ನು ಮುಂದೆ ಜೆಸಿಬಿಗಿಂತ ಮೊದಲು ನಕ್ಷೆಯ ಬಳಿಗೆ ಹೋಗುತ್ತೇವೆ. ನೀವೂ ಜೊತೆಗೆ ಬನ್ನಿ.