ಮಧ್ಯವಯಸ್ಸಿನಲ್ಲಿ ಮದ್ಯಮುಕ್ತಿ: ಧ್ಯಾನದ ನೆರವು

(ಕುಟುಂಬ ಕಲ್ಯಾಣ ಸಭೆಯೊಂದರಲ್ಲಿ ವೈದ್ಯಾಧಿಕಾರಿಯೊಬ್ಬರು ಮಾಡಿದ ಭಾಷಣ)



ಕುಟುಂಬ ಕಲ್ಯಾಣವೆಂದೊಡನೆ ತಾಯಿ-ಮಕ್ಕಳ ಆರೋಗ್ಯ, ಮಿತ ಸಂತಾನ ಇವೇ ನಮ್ಮ ನೆನಪಿಗೆ ಬರುತ್ತವೆ. ಆದರೆ ಮನೆಯ ಯಜಮಾನನು ಸಂಜೆಯಾದೊಡನೆ ಮದ್ಯದಂಗಡಿಯ ದಾರಿ ಹಿಡಿದರೆ ಆ ಮನೆಯ ಕಲ್ಯಾಣವು ಅರ್ಧದಲ್ಲಿಯೇ ನಿಂತುಹೋಗುತ್ತದೆ. ನಲವತ್ತನ್ನು ದಾಟಿದ ಮೇಲೆ ಈ ಚಟವನ್ನು ಬಿಡಲು ಸಾಧ್ಯವೇ, ಅದಕ್ಕೆ ಧ್ಯಾನವು ನೆರವಾಗುವುದೇ ಎಂದು ಅನೇಕರು ನನ್ನನ್ನು ಕೇಳಿದ್ದಾರೆ. ಸಾಧ್ಯವಿದೆ, ನೆರವೂ ಆಗುತ್ತದೆ. ಆದರೆ ಧ್ಯಾನಕ್ಕೆ ಕುಳಿತುಕೊಳ್ಳುವುದಕ್ಕೆ ಮೊದಲು ಮಾಡಬೇಕಾದ ಕೆಲಸವೊಂದಿದೆ. ಅದನ್ನು ನಾನು ನನ್ನದೇ ತಪ್ಪಿನಿಂದ ಕಲಿತೆನು.

ನಾನು ಸರ್ಕಾರಿ ಸೇವೆಗೆ ಸೇರಿದ ಮೊದಲ ವರ್ಷ, ಸುಮಾರು ನಲವತ್ತೈದು ವಯಸ್ಸಿನ ರೈತರೊಬ್ಬರು ಬಂದರು. ಇಪ್ಪತ್ತು ವರ್ಷಗಳಿಂದ ಪ್ರತಿನಿತ್ಯ ಕುಡಿಯುತ್ತಿದ್ದವರು. ಮಗಳ ಮದುವೆ ನಿಶ್ಚಯವಾಗಿತ್ತು. "ಇವತ್ತಿನಿಂದ ಮುಟ್ಟುವುದಿಲ್ಲ ಡಾಕ್ಟರೇ. ದೇವರ ಮುಂದೆ ಕೂತು ಧ್ಯಾನ ಮಾಡಿಯೇ ಗೆಲ್ಲುತ್ತೇನೆ" ಎಂದರು. ನಾನು ಅವರ ನಿಶ್ಚಯವನ್ನು ಹೊಗಳಿ ಮನೆಗೆ ಕಳುಹಿಸಿದೆನು. ಮೂರನೆಯ ರಾತ್ರಿ ಅವರ ಪತ್ನಿಯೂ ತಮ್ಮನೂ ಅವರನ್ನು ಆಟೋರಿಕ್ಷಾದಲ್ಲಿ ಕರೆತಂದರು. ಮೈಯೆಲ್ಲ ಬೆವರು, ಜ್ವರ, ನಡುಕ. ಗೋಡೆಯ ಮೇಲೆ ಹಾವು ಹರಿಯುತ್ತಿದೆಯೆಂದು ಕೂಗುತ್ತಿದ್ದರು. ಹೆಂಡತಿಯ ಗುರುತೂ ಹತ್ತಲಿಲ್ಲ. ಜಿಲ್ಲಾ ಆಸ್ಪತ್ರೆಗೆ ಸಾಗಿಸಿದೆವು, ಪ್ರಾಣ ಉಳಿಯಿತು. "ಬೆಳಿಗ್ಗೆ ಎದ್ದೊಡನೆ ಕೈ ನಡುಗುವುದೇ? ನಡುಕ ನಿಲ್ಲಲು ಕುಡಿಯಬೇಕಾಗುವುದೇ?" ಎಂಬ ಎರಡು ಪ್ರಶ್ನೆಗಳನ್ನು ಮೊದಲ ದಿನವೇ ನಾನು ಕೇಳಿದ್ದರೆ, ಅವರ ಮನೆಯವರು ಆ ರಾತ್ರಿಯನ್ನು ಕಾಣಬೇಕಾಗುತ್ತಿರಲಿಲ್ಲ.

ಇದರ ಕಾರಣ ಸರಳವಾಗಿದೆ. ಮದ್ಯವು ಮಿದುಳಿನ ಚಟುವಟಿಕೆಯನ್ನು ಕುಗ್ಗಿಸುತ್ತದೆ. ವರ್ಷಗಟ್ಟಲೆ ಕುಡಿಯುವವರಲ್ಲಿ ಮಿದುಳು ಆ ಒತ್ತಡವನ್ನು ಎದುರಿಸಲು ಸದಾ ಉದ್ರೇಕದ ಸ್ಥಿತಿಯಲ್ಲಿರಲು ಕಲಿತಿರುತ್ತದೆ. ಮದ್ಯವು ಒಮ್ಮೆಲೇ ನಿಂತರೆ ಉದ್ರೇಕ ಮಾತ್ರ ಉಳಿಯುತ್ತದೆ. ಆರರಿಂದ ಇಪ್ಪತ್ತನಾಲ್ಕು ಗಂಟೆಗಳೊಳಗೆ ನಡುಕ, ಬೆವರು, ನಿದ್ರಾಹೀನತೆ ತೋರುತ್ತವೆ. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದೊಳಗೆ ಕೆಲವರಿಗೆ ಭ್ರಮೆಯುಂಟಾಗುತ್ತದೆ. ಚಿಕಿತ್ಸೆಯಿಲ್ಲದಿದ್ದರೆ ಇದು ಪ್ರಾಣಾಂತಿಕವೂ ಆಗಬಲ್ಲದು. ಇದು ಮನಸ್ಸಿನ ದೌರ್ಬಲ್ಯವಲ್ಲ, ದೇಹದ ಸ್ಥಿತಿ. ಧ್ಯಾನದಿಂದ ಇದು ನಿಲ್ಲದು. ವೈದ್ಯರು ಕೆಲವು ದಿನಗಳ ಕಾಲ ಕ್ರಮವಾಗಿ ಪ್ರಮಾಣ ಇಳಿಸುತ್ತ ಕೊಡುವ ಔಷಧಿ, ಥಯಾಮಿನ್ ಎಂಬ ಬಿ-1 ಜೀವಸತ್ವ, ಆಹಾರ ಮತ್ತು ವಿಶ್ರಾಂತಿಯಿಂದ ನಿಲ್ಲುತ್ತದೆ.

ಮಧ್ಯವಯಸ್ಸಿನಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಅಗತ್ಯ. ವಯಸ್ಸಾದಂತೆ ದೇಹದಲ್ಲಿ ನೀರಿನ ಅಂಶ ಕಡಿಮೆಯಾಗುವುದರಿಂದ ಅದೇ ಅಳತೆಯ ಮದ್ಯ ಹೆಚ್ಚು ಏರುತ್ತದೆ. ರಕ್ತದೊತ್ತಡ, ಸಕ್ಕರೆ ಕಾಯಿಲೆಗಳು ಕಾಲಿಡುವ ವಯಸ್ಸೂ ಇದೇ. ಆದರೂ ತಡವಾಯಿತೆಂದು ಯಾರೂ ಎದೆಗುಂದಬೇಕಾಗಿಲ್ಲ. ಮದ್ಯದಿಂದ ಕೊಬ್ಬು ತುಂಬಿದ ಲಿವರ್ ಕುಡಿತ ನಿಂತರೆ ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತದೆ, ರಕ್ತದೊತ್ತಡವೂ ಇಳಿಯುತ್ತದೆ.

ಹಾಗಾದರೆ ಧ್ಯಾನದ ಕೆಲಸವೇನು? ದೇಹ ಶಾಂತವಾದ ಮೇಲೆಯೂ ಬಯಕೆ ಉಳಿದಿರುತ್ತದೆ. ಸಂಜೆಯ ಹೊತ್ತು, ಹಳೆಯ ಗೆಳೆಯರ ಮುಖ, ಮನೆಯಲ್ಲಿನ ಒಂದು ಬಿರುನುಡಿ, ಇಷ್ಟೇ ಸಾಕು, ಅದು ಎದ್ದು ನಿಲ್ಲುತ್ತದೆ. ಹಳ್ಳಕ್ಕೆ ನೆರೆ ಬಂದಾಗ ತಿಳಿದವರು ಅದರೊಡನೆ ಸೆಣಸುವುದಿಲ್ಲ. ದಡದಲ್ಲಿ ಕುಳಿತು ಇಳಿಯುವುದನ್ನು ಕಾಯುತ್ತಾರೆ. ಬಯಕೆಯೂ ಹಾಗೆಯೇ ಏರುತ್ತದೆ, ಇಳಿಯುತ್ತದೆ. ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಅದರ ಬಿರುಸು ತಗ್ಗುತ್ತದೆ. ಆ ಹೊತ್ತನ್ನು ದಡದಲ್ಲಿ ಕಳೆಯುವ ಅಭ್ಯಾಸವೇ ಧ್ಯಾನ.

ಕ್ರಮ ಹೀಗಿದೆ. ಬೆಳಿಗ್ಗೆ ಹತ್ತು ನಿಮಿಷ, ಸಂಜೆ ಕುಡಿಯುತ್ತಿದ್ದ ಹೊತ್ತಿಗೆ ಸರಿಯಾಗಿ ಹತ್ತು ನಿಮಿಷ ಕುಳಿತುಕೊಳ್ಳಿರಿ. ಪದ್ಮಾಸನವೇ ಬೇಕೆಂದಿಲ್ಲ; ಮಂಡಿ ನೋವಿರುವವರು ಕುರ್ಚಿಯಲ್ಲಿ ಕುಳಿತರಾಯಿತು. ಬೆನ್ನು ನೇರವಾಗಿರಲಿ. ಉಸಿರು ಮೂಗಿನ ಹೊಳ್ಳೆಯಲ್ಲಿ ಒಳಹೋಗುವುದನ್ನೂ ಹೊರಬರುವುದನ್ನೂ ಗಮನಿಸಿರಿ. ಮನಸ್ಸು ಓಡುತ್ತದೆ, ಬೇಸರಪಡದೆ ಮರಳಿ ಕರೆತನ್ನಿರಿ. ಬಯಕೆ ಎದ್ದರೆ ಅದು ದೇಹದಲ್ಲಿ ಎಲ್ಲಿದೆಯೆಂದು ನೋಡಿರಿ: ಗಂಟಲು ಒಣಗಿದೆಯೇ, ಎದೆ ಬಿಗಿದಿದೆಯೇ, ಕಾಲು ಚಡಪಡಿಸುತ್ತಿದೆಯೇ? ಅದು ಮಾಯವಾಗಲೆಂದು ಹಟ ಹಿಡಿಯಬೇಡಿರಿ, ಅದು ಹೇಳಿದಂತೆ ಏಳಲೂ ಬೇಡಿರಿ. ಕುಳಿತಾಗ ದುಃಖ, ಭಯ ಹೆಚ್ಚುವವರು, ಕಿವಿಯಲ್ಲಿ ಮಾತು ಕೇಳಿಸುವವರು ಅಭ್ಯಾಸ ನಿಲ್ಲಿಸಿ ವೈದ್ಯರನ್ನು ಕಾಣಬೇಕು.

ಇದಕ್ಕೆ ವಿಜ್ಞಾನದ ಆಧಾರವೂ ಉಂಟು. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಅಲನ್ ಮಾರ್ಲಟ್ ಎಂಬ ಮನಃಶಾಸ್ತ್ರಜ್ಞರೂ ಅವರ ಸಂಗಡಿಗರೂ ಚಟವು ಮರುಕಳಿಸದಂತೆ ತಡೆಯುವ ಚಿಕಿತ್ಸೆಗೆ ಇಂತಹ ಧ್ಯಾನವನ್ನು ಸೇರಿಸಿದರು. 2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 286 ಜನರನ್ನು ಒಂದು ವರ್ಷ ಪರಿಶೀಲಿಸಲಾಯಿತು. ವರ್ಷದ ಕೊನೆಯಲ್ಲಿ, ಧ್ಯಾನ ಕಲಿತವರು ಮದ್ಯ ಅಥವಾ ಮಾದಕ ವಸ್ತು ಸೇವಿಸಿದ ದಿನಗಳು ಇತರರಿಗಿಂತ ಕಡಿಮೆಯಾಗಿದ್ದುವು. ಆದರೆ ಗಮನಿಸಿರಿ, ಅವರೆಲ್ಲರೂ ಮೊದಲ ಹಂತದ ಚಿಕಿತ್ಸೆಯನ್ನು ಮುಗಿಸಿಯೇ ಧ್ಯಾನಕ್ಕೆ ಕುಳಿತವರು. 1935ರಲ್ಲಿ ಆರಂಭವಾದ ಆಲ್ಕೊಹಾಲಿಕ್ಸ್ ಅನಾನಿಮಸ್ ಸಂಘದ ಹನ್ನೆರಡು ಮೆಟ್ಟಿಲುಗಳಲ್ಲಿಯೂ ಪ್ರಾರ್ಥನೆ ಮತ್ತು ಧ್ಯಾನ ಬರುವುದು ಹನ್ನೊಂದನೆಯದಾಗಿ.

ಇನ್ನು ಮನೆಯವರಿಗೆ ಎರಡು ಮಾತು. ತಾಯಂದಿರೇ, ಕುಡಿತ ಬಿಡಿಸುವುದೆಂದು ಮಾರುವ ಪುಡಿ, ಮಾತ್ರೆಗಳನ್ನು ಯಜಮಾನರಿಗೆ ತಿಳಿಯದಂತೆ ಊಟದಲ್ಲಿ ಬೆರೆಸಬೇಡಿರಿ. ಡೈಸಲ್ಫಿರಾಮ್ ಎಂಬ ಔಷಧಿ ಒಳಗಿರುವಾಗ ಕುಡಿದರೆ ವಾಂತಿಯಾಗಿ ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯವಾಗಬಹುದು. ಅದನ್ನು ರೋಗಿಯ ಒಪ್ಪಿಗೆಯಿಂದ, ವೈದ್ಯರ ಉಸ್ತುವಾರಿಯಲ್ಲಿ ಮಾತ್ರ ಕೊಡತಕ್ಕದ್ದು. ಎರಡನೆಯದಾಗಿ, ಅವರು ಕುಳಿತುಕೊಳ್ಳುವ ಆ ಹತ್ತು ನಿಮಿಷ ಹಣದ ಮಾತು, ಹಳೆಯ ಮಾತು ಎತ್ತಬೇಡಿರಿ.

ನಾನು ಹೇಳಿದ ಆ ರೈತರು ಆಸ್ಪತ್ರೆಯಿಂದ ಮರಳಿದ ಮೇಲೆ ಪ್ರತಿ ಸಂಜೆ ದನದ ಕೊಟ್ಟಿಗೆಯ ಜಗಲಿಯಲ್ಲಿ ಕುಳಿತುಕೊಳ್ಳಲು ಆರಂಭಿಸಿದರು. ಏಳನೆಯ ತಿಂಗಳಿನಲ್ಲಿ ನೆಂಟರ ಮನೆಯ ಸಮಾರಂಭದಲ್ಲಿ ಒಮ್ಮೆ ಕುಡಿದರು. ಮರುದಿನ ಬೆಳಿಗ್ಗೆಯೇ ಬಂದು, "ಜಾರಿಬಿಟ್ಟೆ ಡಾಕ್ಟರೇ" ಎಂದರು. "ಜಾರಿದವರು ಏಳಬಹುದು, ಇಂದು ಸಂಜೆ ಮತ್ತೆ ಕುಳಿತುಕೊಳ್ಳಿ" ಎಂದೆನು. ಕುಳಿತರು. ಈಗ ಮೊಮ್ಮಗಳಿಗೆ ಲಸಿಕೆ ಹಾಕಿಸಲು ಅವರೇ ಎತ್ತಿಕೊಂಡು ಬರುತ್ತಾರೆ.

ಆದುದರಿಂದ ಮೊದಲು ವೈದ್ಯರು, ಅನಂತರ ಧ್ಯಾನ, ಜೊತೆಗೆ ಮನೆಯವರ ತಾಳ್ಮೆ. ಈ ಕ್ರಮವನ್ನು ಮರೆಯದಿರಿ. ನಿಮ್ಮ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಸಂಕೋಚವಿಲ್ಲದೆ ಬನ್ನಿರಿ. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಉಚಿತವಾಗಿ ಸಲಹೆ ಪಡೆಯಬಹುದು.