ಮನೆಯ ಕ್ಯಾಮೆರಾ ಕಂಡ ಕೈಸನ್ನೆ

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡಬೇಕೆಂಬ ಗಾದೆ ನಮ್ಮಲ್ಲುಂಟು. ಕಣ್ಣಿಗೆ ಭ್ರಮೆಯುಂಟು, ನೆನಪಿಗೆ ಮರೆವುಂಟು. ಕ್ಯಾಮೆರಾಕ್ಕಾದರೋ ಇವೆರಡೂ ಇಲ್ಲವೆಂದು ನಾವು ನಂಬುತ್ತೇವೆ. ಈ ನಂಬಿಕೆಯನ್ನು ಅಮೆರಿಕಾ ದೇಶದ ಒಂದು ಆಟದ ಪ್ರಸಂಗದಿಂದ ಪರೀಕ್ಷಿಸೋಣ.

1932ನೆಯ ಇಸವಿ ಅಕ್ಟೋಬರ್ 1ನೆಯ ತಾರೀಖು, ಚಿಕಾಗೋ ನಗರದ ರಿಗ್ಲಿ ಫೀಲ್ಡ್ ಮೈದಾನದಲ್ಲಿ ವರ್ಲ್ಡ್ ಸೀರೀಸ್ ಬೇಸ್‌ಬಾಲಿನ ಮೂರನೆಯ ಆಟ. ಐದನೆಯ ಇನ್ನಿಂಗ್ಸಿನಲ್ಲಿ ನ್ಯೂಯಾರ್ಕ್ ಯಾಂಕೀಸ್, ಚಿಕಾಗೋ ಕಬ್ಸ್ ತಂಡಗಳೆರಡೂ 4-4 ಸಮನಾಗಿದ್ದುವು. ಯಾಂಕೀಸರ ಬೇಬ್ ರೂತ್ ದಾಂಡು ಹಿಡಿದು ನಿಂತಿದ್ದನು. ಅವನ ಲೆಕ್ಕಕ್ಕೆ ಎರಡು ಸ್ಟ್ರೈಕುಗಳು ಬಿದ್ದಿದ್ದುವು. ಮೂರನೆಯದು ಬಿದ್ದರೆ ಔಟು. ಎದುರಾಳಿಗಳು ಬೆಂಚಿನಿಂದ ಹೀಯಾಳಿಸುತ್ತಿದ್ದರು. ರೂತ್ ಕೈಯೆತ್ತಿ ಏನನ್ನೋ ಸೂಚಿಸಿದನು. ಬಳಿಕ ಚಾರ್ಲಿ ರೂಟ್ ಎಸೆದ ಚೆಂಡನ್ನು ಮೈದಾನದ ನಡುಭಾಗದ ಆಚೆಗೆ ಹಾರಿಸಿಬಿಟ್ಟನು. ಹೊಡೆಯುವ ದಿಕ್ಕನ್ನು ಅವನು ಮೊದಲೇ ತೋರಿಸಿದನೆಂಬ ಕಥೆ ಆಗಲೇ ಹುಟ್ಟಿತು. ರೂಟನು ಕಡೆಯವರೆಗೂ ಅದನ್ನು ಅಲ್ಲಗಳೆದನು.

ಈಸ್ಟ್‌ಮನ್ ಕೊಡಕ್ ಕಂಪೆನಿಯು 1923ರಲ್ಲಿ 16 ಮಿಲಿಮೀಟರ್ ಫಿಲ್ಮನ್ನು ಹೊರತಂದ ಮೇಲೆ ಗೃಹಸ್ಥರೂ ಚಲಚ್ಚಿತ್ರ ತೆಗೆಯಬಹುದಾಗಿತ್ತು. ನೆಬ್ರಾಸ್ಕಾದಿಂದ ಚಿಕಾಗೋಗೆ ಬಂದು ಉದ್ಯಮ ಹೂಡಿದ್ದ, 28 ವರ್ಷದ ತರುಣ ಹೆರಾಲ್ಡ್ ವಾರ್ಪನು ಅಂದು ಕ್ಯಾಮೆರಾದೊಡನೆ ಪ್ರೇಕ್ಷಕರ ನಡುವೆ ಕುಳಿತಿದ್ದನು. ಮ್ಯಾಟ್ ಕ್ಯಾಂಡಲ್ ಎಂಬ ಮತ್ತೊಬ್ಬ ಹವ್ಯಾಸಿಯೂ ಇದ್ದನು. ಇಬ್ಬರೂ ತೆಗೆದದ್ದು ಸ್ವಂತ ಸಂತೋಷಕ್ಕಾಗಿ. ಆ ಸುರುಳಿಗಳು ಬಹುಜನರ ಕಣ್ಣಿಗೆ ಬಿದ್ದದ್ದು ಅರುವತ್ತು ವರ್ಷಗಳು ಸಂದ ಮೇಲೆ.

ವಾದವು ಮುಗಿಯಿತೆ? ಇಲ್ಲ. ಎತ್ತಿದ ಕೈ ಚಿತ್ರದಲ್ಲಿ ಕಾಣುತ್ತದೆ. ಆದುದರಿಂದ ಸನ್ನೆಯು ಕಟ್ಟುಕಥೆಯಲ್ಲ. ಆದರೆ ಆ ಕೈ ದೂರದ ಬೇಲಿಯ ಕಡೆಗೋ, ಚೆಂಡೆಸೆಯುವವನ ಕಡೆಗೋ, ಹೀಯಾಳಿಸುವವರ ಕಡೆಗೋ? ಕ್ಯಾಂಡಲನ ಚಿತ್ರವನ್ನು ನೋಡಿದವರು ತಮತಮಗೆ ತೋರಿದಂತೆ ಹೇಳಿದರು. ಬೇರೊಂದು ಕೋನದಿಂದ ತೆಗೆದ ವಾರ್ಪನ ಚಿತ್ರವು, ರೂತ್ ಎದುರಾಳಿಗಳ ಬೆಂಚಿಗೆ ಉತ್ತರ ಕೊಡುತ್ತಿದ್ದನೆಂದು ಅನೇಕರಿಗೆ ತೋರಿಸಿತು. ಫಿಲ್ಮು ಮೂಕವಾದುದರಿಂದ ಅವನ ಮಾತು ನಮಗೆ ದಕ್ಕಲಿಲ್ಲ.

ಕ್ಯಾಮೆರಾವೂ ಒಂದು ಆಸನದಲ್ಲಿ ಕುಳಿತ ಸಾಕ್ಷಿಯೇ ಸರಿ. ಅದು ಕೈಯನ್ನು ತೋರೀತು. ಮನಸ್ಸಿನ ಸಂಕಲ್ಪವನ್ನು ತೋರಲಾರದು. ಹಾಗೆಂದು ಅದನ್ನು ಕಡೆಗಣಿಸಲಾಗದು: ಒಂದಕ್ಕೆರಡು ಸುರುಳಿಗಳು ಉಳಿದುದರಿಂದಲೇ ಒಂದನ್ನು ಮತ್ತೊಂದರಿಂದ ಪ್ರಮಾಣಿಸಲು ಸಾಧ್ಯವಾಯಿತು. ಕೈಕೈಯಲ್ಲಿಯೂ ಕ್ಯಾಮೆರಾ ಇರುವ ಈ ದಿನಗಳಲ್ಲಿ ನಮ್ಮ ತರುಣರು ತಾವು ತೆಗೆದ ಚಿತ್ರಕ್ಕೆ ಸ್ಥಳ, ದಿನಾಂಕಗಳನ್ನು ಬರೆದಿಟ್ಟು ಜೋಪಾನಮಾಡಲಿ. ಅದರಿಂದ ತೀರ್ಪನ್ನು ಹೇಳಲು ಮಾತ್ರ ಆತುರಪಡದಿರಲಿ.