ಗ್ಲೈಡರಿನ ಫಲಕದಲ್ಲಿ ಅರ್ಧ ಸೆಕೆಂಡಿನ ಓದು

ಬೇಸಿಗೆಯ ಮಧ್ಯಾಹ್ನ ನಮ್ಮ ಊರುಗಳ ಮೇಲೆ ಹದ್ದುಗಳು ರೆಕ್ಕೆ ಬಡಿಯದೆ ಸುತ್ತು ಹಾಕುತ್ತಾ ಮೇಲೇರುವುದನ್ನು ನೀವೆಲ್ಲ ನೋಡಿದ್ದೀರಿ. ಬಿಸಿಲಿಗೆ ಕಾದ ನೆಲ ತನ್ನ ಮೇಲಿನ ಗಾಳಿಯನ್ನು ಬಿಸಿಮಾಡುತ್ತದೆ. ಬಿಸಿಯಾದ ಗಾಳಿ ಹಗುರವಾಗಿ ಮೇಲೇಳುತ್ತದೆ. ಆ ಏರುಗಾಳಿಯ ಕಂಬದೊಳಗೆ ಸುತ್ತುತ್ತಾ ಹದ್ದು ಖರ್ಚಿಲ್ಲದೆ ಎತ್ತರ ಸಂಪಾದಿಸುತ್ತದೆ. ಎಂಜಿನ್ ಬಲವಿಲ್ಲದೆ ಹಾರುವ ಗ್ಲೈಡರ್ ಎಂಬ ವಿಮಾನ ಮಾಡುವುದೂ ಇದನ್ನೇ. ಹೀಗೆ ಗಳಿಸಿದ ಎತ್ತರವೇ ಅದರ ಬಂಡವಾಳ. ಇಂದಿನ ಒಂದು ಉತ್ತಮ ಗ್ಲೈಡರ್ ನಿಶ್ಚಲವಾದ ಗಾಳಿಯಲ್ಲಿ 1 ಕಿಲೋಮೀಟರ್ ಕೆಳಗಿಳಿಯುವಷ್ಟರಲ್ಲಿ 40 ಕಿಲೋಮೀಟರ್ ಮುಂದೆ ಸಾಗಬಲ್ಲದು.

ಆದರೆ ಏರುಗಾಳಿ ಎಲ್ಲೆಂದರಲ್ಲಿ ಸಿಗುವ ವಸ್ತುವಲ್ಲ. ಅದು ಸಿಕ್ಕಿದ ಜಾಗಕ್ಕೆ ಎಲ್ಲ ಗ್ಲೈಡರುಗಳೂ ಬಂದು ಸೇರುತ್ತವೆ. ಒಂದೇ ಕಂಬದಲ್ಲಿ ಹತ್ತಾರು ಗ್ಲೈಡರುಗಳು ಒಂದರ ಮೇಲೊಂದು ಸುತ್ತುವುದುಂಟು. ಯೂರೋಪಿನ ಆಲ್ಪ್ಸ್ ಪರ್ವತಗಳಲ್ಲಿ ಬೆಟ್ಟದ ಇಳಿಜಾರಿಗೆ ಗಾಳಿ ಬಡಿದು ಮೇಲೇಳುವ ಕಿರಿದಾದ ದಾರಿಯಲ್ಲಿ ಗ್ಲೈಡರುಗಳು ಎದುರುಬದುರಾಗಿ ಓಡಾಡುತ್ತವೆ. ಆಕಾಶ ಎಷ್ಟೇ ವಿಶಾಲವಾಗಿರಲಿ, ಗ್ಲೈಡರುಗಳು ಬಳಸುವ ಆಕಾಶ ಮಾತ್ರ ಇಕ್ಕಟ್ಟು. ಆದ್ದರಿಂದ ಡಿಕ್ಕಿಯ ಭಯ ಈ ಕ್ರೀಡೆಯ ಜೊತೆಗೇ ಬಂದಿದೆ.

ಕಣ್ಣು ಬಿಟ್ಟುಕೊಂಡು ನೋಡಿದರೆ ಸಾಲದೇ ಎಂದು ನೀವು ಕೇಳಬಹುದು. ಒಂದು ಲೆಕ್ಕ ಮಾಡೋಣ. ಗಂಟೆಗೆ 150 ಕಿಲೋಮೀಟರ್ ವೇಗದ ಎರಡು ಗ್ಲೈಡರುಗಳು ಮುಖಾಮುಖಿಯಾಗಿ ಬರುತ್ತಿವೆ. ಅವು ಒಂದನ್ನೊಂದು ಸಮೀಪಿಸುವ ವೇಗ ಗಂಟೆಗೆ 300 ಕಿಲೋಮೀಟರ್, ಅಂದರೆ ಸೆಕೆಂಡಿಗೆ ಸುಮಾರು 83 ಮೀಟರ್. ಡಿಕ್ಕಿಗೆ 18 ಸೆಕೆಂಡು ಇರುವಾಗ ಅವುಗಳ ನಡುವಿನ ಅಂತರ 1,500 ಮೀಟರ್. ಎದುರಿನಿಂದ ನೋಡಿದಾಗ ಗ್ಲೈಡರಿನ ರೆಕ್ಕೆ ಒಂದು ತೆಳುಗೆರೆ. ಅಷ್ಟು ದೂರದಿಂದ ಕಣ್ಣಿಗೆ ಸಿಗಬಹುದಾದದ್ದು ಒಡಲು ಮಾತ್ರ. ಅದರ ಅಗಲ ಮುಕ್ಕಾಲು ಮೀಟರಿಗೂ ಕಡಿಮೆ. ಎರಡು ಮೀಟರ್ ದೂರದ ಬಿಳಿ ಗೋಡೆಯ ಮೇಲೆ ಒಂದು ಮಿಲಿಮೀಟರಿನ ಬಿಳಿ ಚುಕ್ಕೆಯನ್ನು ಹುಡುಕಿದ ಹಾಗೆ ಇದು. ಹೆಚ್ಚಿನ ಗ್ಲೈಡರುಗಳ ಬಣ್ಣ ಬಿಳಿ, ಹಿಂದಿರುವ ಮೋಡವೂ ಬಿಳಿ.

ಇನ್ನೊಂದು ತೊಡಕು ಇದಕ್ಕಿಂತ ಮೋಸದ್ದು. ನೀವು ಸೈಕಲ್ಲಿನಲ್ಲಿ ಒಂದು ಕೂಡುರಸ್ತೆಯ ಕಡೆಗೆ ಹೋಗುತ್ತಿದ್ದೀರಿ, ಅಡ್ಡರಸ್ತೆಯಲ್ಲಿ ಬಸ್ಸು ಬರುತ್ತಿದೆ ಎನ್ನಿ. ಬಸ್ಸು ನಿಮ್ಮ ನೋಟದಲ್ಲಿ ಮುಂದಕ್ಕೋ ಹಿಂದಕ್ಕೋ ಸರಿಯುತ್ತಿದ್ದರೆ ಅಪಾಯವಿಲ್ಲ. ಅದು ಒಂದೇ ಕೋನದಲ್ಲಿ ಅಂಟಿಕೊಂಡಂತೆ ನಿಂತು ಬರೀ ದೊಡ್ಡದಾಗುತ್ತಿದ್ದರೆ ಡಿಕ್ಕಿ ಖಂಡಿತ. ಆಕಾಶದಲ್ಲೂ ಹಾಗೆಯೇ. ನಮ್ಮ ಕಣ್ಣು ಚಲಿಸುವ ವಸ್ತುವನ್ನು ಬೇಗ ಹಿಡಿಯುತ್ತದೆ, ನಿಂತಂತಿರುವುದನ್ನು ಕಡೆಗಣಿಸುತ್ತದೆ. ಡಿಕ್ಕಿಗೆ ಬರುತ್ತಿರುವ ವಿಮಾನವಾದರೋ ಕಿಟಕಿಯ ಮೇಲೆ ಕೂತ ಧೂಳಿನ ಕಣದಂತೆ ನಿಂತೇ ಇರುತ್ತದೆ! ಅಲ್ಲದೆ, ಕಣ್ಣು ತೀಕ್ಷ್ಣವಾಗಿ ನೋಡುವ ಭಾಗ ಬಹಳ ಸಣ್ಣದು. ಕೈ ಚಾಚಿ ಹಿಡಿದ ಹೆಬ್ಬೆರಳಿನ ಅಗಲದಷ್ಟು ಆಕಾಶವನ್ನು ಮಾತ್ರ ಒಂದು ಸಲಕ್ಕೆ ನಾವು ಸ್ಪಷ್ಟವಾಗಿ ಕಾಣುತ್ತೇವೆ.

ದೊಡ್ಡ ಪ್ರಯಾಣಿಕ ವಿಮಾನಗಳಲ್ಲಿ ಡಿಕ್ಕಿ ತಪ್ಪಿಸುವ ಉಪಕರಣ ಇರುತ್ತದೆ. ಅದರ ಹೆಸರು ಟಿಕ್ಯಾಸ್. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಸೌದಿಯ ವಿಮಾನವೂ ಕಜಾಕಸ್ತಾನದ ವಿಮಾನವೂ ಡಿಕ್ಕಿಯಾಗಿ 349 ಜನ ಸತ್ತರು. ಆ ದುರಂತದ ನಂತರ ನಮ್ಮ ದೇಶದಲ್ಲಿ ಇಂತಹ ಉಪಕರಣವನ್ನು ಕಡ್ಡಾಯ ಮಾಡಲಾಯಿತು. ಆದರೆ ಟಿಕ್ಯಾಸ್ ಗ್ಲೈಡರಿಗೆ ಹೊಂದುವುದಿಲ್ಲ. ಒಂದೇ ಏರುಗಾಳಿಯಲ್ಲಿ ಸುತ್ತುವ ಗ್ಲೈಡರುಗಳು ಸದಾ ಹತ್ತಿರವೇ ಇರುವುದರಿಂದ ಅದು ಬಿಡದೆ ಕೂಗುತ್ತಲೇ ಇರಬೇಕಾಗುತ್ತದೆ. ಬ್ಯಾಟರಿಯೊಂದನ್ನೇ ನಂಬಿದ ಗ್ಲೈಡರಿಗೆ ಅಷ್ಟು ವಿದ್ಯುತ್ತನ್ನು ಒದಗಿಸುವುದೂ ಕಷ್ಟ.

ಗ್ಲೈಡರುಗಳಿಗೆ ತಕ್ಕದಾದ ಉಪಕರಣ ಸ್ವಿಟ್ಜರ್ಲೆಂಡಿನಲ್ಲಿ ತಯಾರಾಗಿ 2004ರಲ್ಲಿ ಬಳಕೆಗೆ ಬಂದಿತು. ಅದರ ಹೆಸರು ಫ್ಲಾರ್ಮ್. ಇದರ ಕೆಲಸದ ರೀತಿ ಸರಳವಾಗಿದೆ. ಪ್ರತಿ ಗ್ಲೈಡರಿನ ಪೆಟ್ಟಿಗೆಯೂ ಜಿಪಿಎಸ್ ಉಪಗ್ರಹಗಳ ನೆರವಿನಿಂದ ತನ್ನ ಸ್ಥಾನವನ್ನೂ ಗಾಳಿಯ ಒತ್ತಡದಿಂದ ತನ್ನ ಎತ್ತರವನ್ನೂ ಅಳೆಯುತ್ತದೆ. ಮುಂದಿನ ಕೆಲವು ಸೆಕೆಂಡುಗಳಲ್ಲಿ ತಾನು ಎಲ್ಲಿರುತ್ತೇನೆ ಎಂದು ಲೆಕ್ಕ ಹಾಕಿ, ಅದನ್ನು ಅಲ್ಪಶಕ್ತಿಯ ರೇಡಿಯೊ ಮೂಲಕ ಸುತ್ತಲಿನವರಿಗೆ ಸಾರುತ್ತದೆ. ಇತರರ ಸಂದೇಶವನ್ನು ಕೇಳಿ, ಎರಡು ದಾರಿಗಳೂ ಕೂಡುವಂತಿದ್ದರೆ ಮಾತ್ರ ಎಚ್ಚರಿಸುತ್ತದೆ. ಹತ್ತಿರವಿದ್ದರೂ ಅಪಾಯವಿಲ್ಲದ ಗ್ಲೈಡರಿಗಾಗಿ ಅದು ಕೂಗುವುದಿಲ್ಲ. ಎಚ್ಚರಿಕೆಗೆ ಮೂರು ಹಂತಗಳಿವೆ. ಡಿಕ್ಕಿಗೆ ಸುಮಾರು 18 ಸೆಕೆಂಡು ಇರುವಾಗ ಮೊದಲನೆಯದು, 13ರ ಸುಮಾರಿಗೆ ಎರಡನೆಯದು, 8ರ ಸುಮಾರಿಗೆ ಕೊನೆಯದು.

ಈಗ ವಿಷಯದ ತಿರುಳಿಗೆ ಬರೋಣ. ಪೆಟ್ಟಿಗೆಗೆ ಅಪಾಯ ತಿಳಿದರೆ ಸಾಲದು, ಅದು ಪೈಲಟ್‌ಗೆ ತಿಳಿಯಬೇಕು. ಅದು ಎಷ್ಟು ಬೇಗ ತಿಳಿಯಬೇಕು? ಅಮೆರಿಕದ ನಾಗರಿಕ ವಿಮಾನಯಾನ ಇಲಾಖೆ ಪೈಲಟ್‌ಗಳಿಗೆಂದು ಒಂದು ಕೋಷ್ಟಕವನ್ನು ಪ್ರಕಟಿಸಿದೆ. ವಸ್ತುವನ್ನು ಕಾಣಲು 0.1 ಸೆಕೆಂಡು, ಅದು ವಿಮಾನವೆಂದು ಗುರುತಿಸಲು 1, ಡಿಕ್ಕಿಯ ದಾರಿಯಲ್ಲಿದೆ ಎಂದು ಅರಿಯಲು 5, ಯಾವ ಕಡೆ ತಿರುಗುವುದೆಂದು ನಿರ್ಧರಿಸಲು 4, ಕೈಕಾಲು ಆಡಿಸಲು 0.4, ವಿಮಾನ ಓಗೊಡಲು 2. ಒಟ್ಟು 12.5 ಸೆಕೆಂಡು. ಇದರಲ್ಲಿ ಡಿಕ್ಕಿಯ ದಾರಿಯನ್ನು ಅರಿಯುವ 5 ಸೆಕೆಂಡಿನ ಕೆಲಸವನ್ನು ಪೆಟ್ಟಿಗೆಯೇ ಮಾಡಿಕೊಡುತ್ತದೆ ಎಂದುಕೊಳ್ಳಿ. ಉಳಿಯುವುದು 7.5 ಸೆಕೆಂಡು. ಕೊನೆಯ ಎಚ್ಚರಿಕೆ ಬರುವುದು 8 ಸೆಕೆಂಡು ಇರುವಾಗ. ಕಳೆದು ನೋಡಿ, ಮಿಗುವುದು ಅರ್ಧ ಸೆಕೆಂಡು! ಮನುಷ್ಯನ ವರ್ತನೆ ಇಷ್ಟು ಅಚ್ಚುಕಟ್ಟಾಗಿ ಭಾಗವಾಗುವುದಿಲ್ಲ, ನಿಜ. ಆದರೂ ಈ ಕೂಡು-ಕಳೆಯುವ ಲೆಕ್ಕ ಒಂದು ಮಾತನ್ನು ಸ್ಪಷ್ಟಪಡಿಸುತ್ತದೆ. ಕೊನೆಯ ಗಳಿಗೆಯಲ್ಲಿ ಸೂಚಕವನ್ನು ಓದಲು ಪೈಲಟ್‌ಗೆ ಸಿಗುವ ಕಾಲ ಒಂದು ಕಣ್ಣೋಟದಷ್ಟು ಮಾತ್ರ. ಅದನ್ನು ಅರ್ಥಮಾಡಿಕೊಳ್ಳಲು 3 ಸೆಕೆಂಡು ಹಿಡಿದರೆ ಆ ವೇಳೆಗೆ ಎದುರಿನ ಗ್ಲೈಡರ್ 250 ಮೀಟರ್ ಹತ್ತಿರ ಬಂದಿರುತ್ತದೆ.

ಹಾಗಾದರೆ ಒಂದು ಕಣ್ಣೋಟಕ್ಕೆ ಸಿಗಬೇಕಾದ ಉತ್ತರ ಯಾವುದು? ಎದುರಿನವನ ವೇಗ ಎಷ್ಟು, ಅವನು ಯಾರು ಎಂಬುದಲ್ಲ. 'ನಾನು ಹೊರಗೆ ಯಾವ ಕಡೆ ನೋಡಲಿ?' ಎಂಬ ಒಂದೇ ಪ್ರಶ್ನೆಗೆ ಉತ್ತರ ಬೇಕು. ಮೊದಮೊದಲಿನ ಫ್ಲಾರ್ಮ್ ಪೆಟ್ಟಿಗೆಯ ಮುಖದಲ್ಲಿ ಪರದೆಯೇ ಇರಲಿಲ್ಲ. ಗಡಿಯಾರದ ಮುಖದಂತೆ ಸಣ್ಣ ದೀಪಗಳ ಒಂದು ವೃತ್ತ, ಪಕ್ಕದಲ್ಲಿ ಮೇಲೆ-ಕೆಳಗೆ ತೋರಿಸುವ ನಾಲ್ಕಾರು ದೀಪಗಳು, ಇಷ್ಟೆ. ಎರಡು ಗಂಟೆಯ ಜಾಗದ ದೀಪ ಮಿನುಗಿದರೆ ಬಲಕ್ಕೆ, ಸ್ವಲ್ಪ ಮುಂದಕ್ಕೆ ನೋಡಬೇಕು. ಅಪಾಯ ಹತ್ತಿರವಾದಂತೆ ದೀಪ ಬೇಗಬೇಗ ಮಿನುಗುತ್ತದೆ, ಸದ್ದೂ ತುರ್ತಾಗುತ್ತದೆ.

ಮೇಲೆ-ಕೆಳಗಿನ ಆ ದೀಪಗಳಲ್ಲಿ ಒಂದು ಜಾಣ್ಮೆ ಇದೆ. ಅವು ತೋರಿಸುವುದು ಮೀಟರ್ ಲೆಕ್ಕದ ಎತ್ತರವನ್ನಲ್ಲ, ಕೋನವನ್ನು. '150 ಮೀಟರ್ ಮೇಲೆ' ಎಂದು ಹೇಳಿದರೆ ಪೈಲಟ್ ತಲೆಯನ್ನು ಎಷ್ಟು ಎತ್ತಬೇಕು? ಎದುರಿನ ಗ್ಲೈಡರ್ 1,500 ಮೀಟರ್ ದೂರದಲ್ಲಿದ್ದರೆ 6 ಡಿಗ್ರಿ, 300 ಮೀಟರ್ ದೂರದಲ್ಲಿದ್ದರೆ 27 ಡಿಗ್ರಿ. ಈ ತ್ರಿಕೋನಮಿತಿಯನ್ನು ಪೈಲಟ್ ಮನಸ್ಸಿನಲ್ಲಿ ಮಾಡುತ್ತಾ ಕೂರಲಾಗದು. ಅದನ್ನು ಯಂತ್ರ ಮಾಡಿ ಉತ್ತರವನ್ನಷ್ಟೇ ಕೊಡಬೇಕು.

ಕಾಲ ಕಳೆದಂತೆ ದೀಪಗಳ ಜಾಗಕ್ಕೆ ಬಣ್ಣದ ಪರದೆಗಳು ಬಂದವು. ಅವುಗಳಲ್ಲಿ ರೇಡಾರಿನಂತೆ ಸುತ್ತಲಿನ ಎಲ್ಲ ಗ್ಲೈಡರುಗಳ ಗುರುತು, ಪ್ರತಿ ಗುರುತಿನ ಪಕ್ಕ ಎತ್ತರದ ವ್ಯತ್ಯಾಸ, ಏರುವ ವೇಗ ಎಲ್ಲವೂ ಕಾಣುತ್ತವೆ. ಇದು ಉಪಯುಕ್ತವೇ. ಯಾರು ಎಲ್ಲಿದ್ದಾರೆಂಬ ಚಿತ್ರ ಮೊದಲೇ ಮನಸ್ಸಿನಲ್ಲಿದ್ದರೆ ಬೆರಗು ಕಡಿಮೆ. ಆದರೆ ಆಸೆಯೂ ಇದೆ. ನಾಲ್ಕು ಕಿಲೋಮೀಟರ್ ಆಚೆ ಯಾರೋ ಸೆಕೆಂಡಿಗೆ 3 ಮೀಟರ್ ಏರುತ್ತಿದ್ದಾರೆಂದು ಪರದೆ ತೋರಿಸಿದರೆ, ಸ್ಪರ್ಧೆಯಲ್ಲಿರುವ ಪೈಲಟ್‌ನ ಕಣ್ಣು ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತದೆ. ಹೊರಗೆ ನೋಡಲೆಂದು ಕೊಟ್ಟ ಉಪಕರಣವೇ ಕಣ್ಣನ್ನು ಒಳಗೆ ಕಟ್ಟಿಹಾಕುತ್ತದೆ.

ದೂರದರ್ಶನದ ನಮ್ಮ ಕಸುಬಿನಲ್ಲೂ ಇದೇ ಪಾಠವಿದೆ. ತೆರೆಯ ಮೇಲೆ ಒಂದು ಶೀರ್ಷಿಕೆ ಹಾಕಿದರೆ ಅದನ್ನು ವೀಕ್ಷಕರು ನಿಧಾನವಾಗಿ ಓದಿ ಮುಗಿಸುವವರೆಗೆ ಇಡುತ್ತೇವೆ. ಅಕ್ಷರ ಹೆಚ್ಚಾದಷ್ಟೂ ಕಾಲ ಹೆಚ್ಚು ಬೇಕು, ಅಷ್ಟು ಹೊತ್ತು ಯಾರೂ ಚಿತ್ರವನ್ನು ನೋಡುವುದಿಲ್ಲ. ನಮ್ಮಲ್ಲಿ ನಷ್ಟವಾಗುವುದು ಒಂದು ದೃಶ್ಯ. ಅಲ್ಲಿ ನಷ್ಟವಾಗುವುದು ಜೀವ. ಆದ್ದರಿಂದ ಅಪಾಯದ ಗಳಿಗೆಯಲ್ಲಿ ಪರದೆ ಉಳಿದ ಗುರುತುಗಳನ್ನೆಲ್ಲ ಬದಿಗೊತ್ತಿ, ಅಪಾಯದ ಆ ಒಂದು ದಿಕ್ಕನ್ನು ದೊಡ್ಡದಾಗಿ ತೋರಿಸಬೇಕು.

ಇನ್ನು ಕಣ್ಣಿನ ಭೌತಶಾಸ್ತ್ರ. ಗ್ಲೈಡರಿನ ಉಪಕರಣಗಳು ಸಾಮಾನ್ಯವಾಗಿ 57 ಅಥವಾ 80 ಮಿಲಿಮೀಟರ್ ವ್ಯಾಸದ ರಂಧ್ರಗಳಲ್ಲಿ ಕೂರುತ್ತವೆ. ಪೈಲಟ್‌ನ ಕಣ್ಣಿನಿಂದ ಫಲಕಕ್ಕೆ ಸುಮಾರು 70 ಸೆಂಟಿಮೀಟರ್ ದೂರ. ಆ ದೂರದಿಂದ ಶ್ರಮವಿಲ್ಲದೆ ಓದಲು ಅಂಕಿಗಳು ಕನಿಷ್ಠ 4 ಮಿಲಿಮೀಟರ್ ಎತ್ತರವಿರಬೇಕು. ಪುಟ್ಟ ಪರದೆಯಲ್ಲಿ ಇಂತಹ ಅಂಕಿಗಳಿಗೆ ಎಷ್ಟು ಜಾಗ ಸಿಕ್ಕೀತು? ಜೊತೆಗೆ, ದೂರದ ಆಕಾಶವನ್ನು ನೋಡುತ್ತಿದ್ದ ಕಣ್ಣಿನ ಮಸೂರ ಹತ್ತಿರದ ಫಲಕಕ್ಕೆ ಹೊಂದಿಕೊಳ್ಳಬೇಕು, ಮತ್ತೆ ಆಕಾಶಕ್ಕೆ ಮರಳಬೇಕು. ನಿಮ್ಮ ವಯಸ್ಸಿನಲ್ಲಿ ಇದು ಕ್ಷಣದ ಕೆಲಸ. ನಲವತ್ತು ದಾಟಿದ ನನ್ನಂಥವರ ಮಸೂರ ಗಡುಸಾಗುತ್ತಾ ಬರುವುದರಿಂದ ಹತ್ತಿರದ ಸಣ್ಣ ಅಕ್ಷರ ಮಸುಕಾಗುತ್ತದೆ. ಗ್ಲೈಡರ್ ಹಾರಿಸುವವರಲ್ಲಿ ಇಂಥವರು ಬಹಳ ಮಂದಿ.

ಬೆಳಕಿನ ಮಾತೂ ಇದೆ. ತರಗತಿಯೊಳಗೆ ಮುನ್ನೂರೋ ಐನೂರೋ ಲಕ್ಸ್ ಬೆಳಕಿದ್ದರೆ, ನೇರ ಬಿಸಿಲಿನಲ್ಲಿ ಅದು ಒಂದು ಲಕ್ಷ ಲಕ್ಸ್ ತಲುಪುತ್ತದೆ. ಗ್ಲೈಡರಿನ ಪೈಲಟ್ ಕೂರುವುದು ಪಾರದರ್ಶಕ ಗುಮ್ಮಟದ ಕೆಳಗೆ. ಕೋಣೆಯಲ್ಲಿ ಹೊಳೆಯುವ ಪರದೆ ಅಲ್ಲಿ ಕಪ್ಪು ಕನ್ನಡಿಯಾಗುತ್ತದೆ. ದ್ರವಸ್ಫಟಿಕದ ಪರದೆಯಿಂದ ಬರುವ ಬೆಳಕು ಧ್ರುವೀಕೃತ. ಧ್ರುವಕ ಗಾಜಿನ ತಂಪು ಕನ್ನಡಕ ಹಾಕಿ ಒಂದು ನಿರ್ದಿಷ್ಟ ಕೋನದಲ್ಲಿ ನೋಡಿದರೆ ಪರದೆ ಪೂರ್ತಿ ಕತ್ತಲಾಗಬಹುದು. ಬಣ್ಣವನ್ನೊಂದನ್ನೇ ನಂಬುವುದೂ ಸರಿಯಲ್ಲ, ಕೆಂಪು-ಹಸಿರು ಬೇರ್ಪಡಿಸಲಾಗದ ಕಣ್ಣುಗಳು ಗಂಡಸರಲ್ಲಿ ಅಪರೂಪವೇನಲ್ಲ. ಆಕಾರ, ಗಾತ್ರ, ಮಿನುಗು, ಸದ್ದು ಎಲ್ಲವೂ ಅದೇ ಮಾತನ್ನು ಹೇಳಬೇಕು. ಸದ್ದಿಗೆ ವಿಶೇಷ ಬೆಲೆಯಿದೆ. 'ಎರಡು ಗಂಟೆ, ಮೇಲೆ' ಎಂದು ಕಿವಿಗೆ ಕೇಳಿದರೆ ಕಣ್ಣು ಆಕಾಶವನ್ನು ಬಿಟ್ಟು ಬರಬೇಕಾಗಿಯೇ ಇಲ್ಲ.

ಸೂಚಕವನ್ನು ಸರಿಯಾಗಿ ಓದಿದರೂ ಒಂದು ಎಡವಟ್ಟು ಕಾದಿರುತ್ತದೆ. ಜಿಪಿಎಸ್ ಅರಿಯುವುದು ಗ್ಲೈಡರ್ ನೆಲದ ಮೇಲೆ ಸಾಗುವ ದಿಕ್ಕನ್ನು, ಮೂತಿ ನೋಡುವ ದಿಕ್ಕನ್ನಲ್ಲ. ಗ್ಲೈಡರಿನ ಮೂತಿ ಉತ್ತರಕ್ಕಿದೆ, ವೇಗ ಸೆಕೆಂಡಿಗೆ 25 ಮೀಟರ್; ಪಶ್ಚಿಮದಿಂದ ಸೆಕೆಂಡಿಗೆ 10 ಮೀಟರ್ ಗಾಳಿ ಬೀಸುತ್ತಿದೆ. ಸದಿಶಗಳನ್ನು ಕೂಡಿಸಿ ನೋಡಿದರೆ ಗ್ಲೈಡರ್ ನಿಜವಾಗಿ ಸಾಗುವುದು ಉತ್ತರದಿಂದ 22 ಡಿಗ್ರಿ ಪೂರ್ವಕ್ಕೆ. ಮೂತಿಯ ನೇರಕ್ಕಿರುವ ಅಪಾಯವನ್ನು ಸೂಚಕ 22 ಡಿಗ್ರಿ ಎಡಕ್ಕೆ, ಹೆಚ್ಚುಕಡಿಮೆ ಹನ್ನೊಂದು ಗಂಟೆಯ ಜಾಗದಲ್ಲಿ ತೋರಿಸುತ್ತದೆ. ಇದನ್ನು ತಿಳಿದ ಪೈಲಟ್ ದೀಪ ತೋರಿದ ಒಂದೇ ಬಿಂದುವನ್ನು ದಿಟ್ಟಿಸದೆ, ಅದರ ಅಕ್ಕಪಕ್ಕವನ್ನೂ ಹುಡುಕುತ್ತಾನೆ.

ಫ್ಲಾರ್ಮ್ 'ಏರು', 'ಇಳಿ', 'ತಿರುಗು' ಎಂದು ಆಜ್ಞೆ ಮಾಡುವುದಿಲ್ಲ. ಪಕ್ಕದಲ್ಲಿ ಬಂಡೆಯಿದೆಯೋ, ತಲೆಯ ಮೇಲೆ ಇನ್ನೊಂದು ಗ್ಲೈಡರಿದೆಯೋ ನೋಡಿ ನಿರ್ಧರಿಸುವ ಹೊಣೆ ಪೈಲಟ್‌ನದೇ. ಉಪಕರಣವಿಲ್ಲದ ಗ್ಲೈಡರಿನಿಂದ ಸಂದೇಶ ಬರುವುದಿಲ್ಲ, ಹದ್ದಿನಿಂದಂತೂ ಬರುವುದೇ ಇಲ್ಲ. ದೀಪ ಉರಿಯದಿದ್ದರೆ ಆಕಾಶ ಖಾಲಿ ಎಂದು ಅರ್ಥವಲ್ಲ.

ನೀವೇ ಒಂದು ಪ್ರಯೋಗ ಮಾಡಿ ನೋಡಿ. ಇಪ್ಪತ್ತು ಕಾರ್ಡುಗಳ ಮೇಲೆ ವೃತ್ತ ಬರೆದು, ಗಡಿಯಾರದ ಬೇರೆ ಬೇರೆ ಗಂಟೆಗಳ ಜಾಗದಲ್ಲಿ ಒಂದೊಂದು ದಪ್ಪ ಚುಕ್ಕೆ ಇಡಿ. ಇನ್ನು ಇಪ್ಪತ್ತರ ಮೇಲೆ 'ಬಲಕ್ಕೆ 60 ಡಿಗ್ರಿ, ಮೇಲೆ 150 ಮೀಟರ್, ದೂರ 800 ಮೀಟರ್' ಎಂಬಂತೆ ಅಂಕಿಗಳನ್ನು ಬರೆಯಿರಿ. ಬಯಲಿನಲ್ಲಿ ಗೆಳೆಯನನ್ನೋ ಗೆಳತಿಯನ್ನೋ ಕೂರಿಸಿ, ಕಾರ್ಡನ್ನು 70 ಸೆಂಟಿಮೀಟರ್ ದೂರದಲ್ಲಿ ಹಿಡಿಯಿರಿ. ಅವರು ಕೈ ಚಾಚಿ ಆ ದಿಕ್ಕನ್ನು ತೋರಿಸುವವರೆಗಿನ ಕಾಲವನ್ನು ಸ್ಟಾಪ್‌ವಾಚಿನಲ್ಲಿ ಅಳೆಯಿರಿ. ಎರಡೂ ಬಗೆಯ ಕಾರ್ಡುಗಳ ಸರಾಸರಿ ತೆಗೆಯಿರಿ. ಸಿಕ್ಕಿದ ವ್ಯತ್ಯಾಸವನ್ನು 83ರಿಂದ ಗುಣಿಸಿದರೆ, ಅಷ್ಟು ಹೊತ್ತಿಗೆ ಎದುರಿನ ಗ್ಲೈಡರ್ ಎಷ್ಟು ಮೀಟರ್ ಹತ್ತಿರ ಬಂದಿತೆಂದು ತಿಳಿಯುತ್ತದೆ.

ಮುಂದೆ ನಿಮ್ಮಲ್ಲಿ ಕೆಲವರು ಎಂಜಿನಿಯರುಗಳಾಗಿ ಆಸ್ಪತ್ರೆಗೋ ರೈಲಿಗೋ ಕಾರ್ಖಾನೆಗೋ ಸೂಚಕಗಳನ್ನು ರಚಿಸುತ್ತೀರಿ. ಎಷ್ಟು ಮಾಹಿತಿ ತೋರಿಸಬಹುದು ಎಂಬುದು ಆಗ ನಿಮ್ಮ ಮೊದಲ ಪ್ರಶ್ನೆಯಾಗದಿರಲಿ. ನೋಡುವವರಿಗೆ ಎಷ್ಟು ಸಮಯವಿದೆ, ನೋಡಿದ ಮೇಲೆ ಅವರು ಏನು ಮಾಡಬೇಕು ಎಂಬುದನ್ನು ಮೊದಲು ಕೇಳಿಕೊಳ್ಳಿ.